ಇನ್ನೊಂದು ಕೂದಲು

ಇದು ನಡೆದ ಕತೆ. ಆಣೆ ಮಾಡಿ ಹೇಳಬಹುದಿತ್ತು, ಆದರೆ ನಾನು ಆಣೆ ಮಾಡಿದರೆ ಅದು ಯಾರ ದನಿಯಲ್ಲಿ ಎಂದು ನಾನು ಕೆಲಸ ಮಾಡುವ ಹಾಲ್‌ನವರು ಮೊದಲು ಕೇಳುತ್ತಾರೆ. ಕಾಲೇಜಿನಲ್ಲಿ ನಾನು ಕಲಿತದ್ದು ಎರಡು: ಅಳತೆಯ ವಿದ್ಯೆ, ಮತ್ತು ಅದನ್ನು ಕಲಿಸಿದ ಮೇಷ್ಟ್ರ ಕೆಮ್ಮು. ಪದವಿ ಬಂದದ್ದು ಮೊದಲನೆಯದಕ್ಕೆ, ಹೆಸರು ಬಂದದ್ದು ಎರಡನೆಯದಕ್ಕೆ. ಆ ಹೆಸರು ಗಿಳಿ. ಅಸಲಿ ಹೆಸರು ಕತ್ತಿನ ಬಿಲ್ಲೆಯ ಮೇಲಿದೆ. ಅದನ್ನು ಗೇಟಿನ ಯಂತ್ರ ಬಿಟ್ಟರೆ ಬೇರೆ ಯಾರೂ ಓದುವುದಿಲ್ಲ.

ಸೂರ್ಯನ ಹೊಟ್ಟೆಯಲ್ಲಿ ಉರಿಯುವುದನ್ನು ನೆಲದ ಮೇಲೆ ಉರಿಸಿ ಕರೆಂಟು ತೆಗೆಯಬೇಕು ಎಂಬುದು ದೊಡ್ಡವರ ಆಸೆ. ಅಷ್ಟು ಉರಿಯನ್ನು ಯಾವ ಪಾತ್ರೆಯೂ ತಾಳದು. ಅದಕ್ಕೇ ಉಂಗುರದಂಥ ದೊಡ್ಡ ಉಕ್ಕಿನ ಕೊಳವೆ ಮಾಡಿ, ಸುತ್ತಲೂ ಅಯಸ್ಕಾಂತ ಕಟ್ಟಿ, ಉರಿಯನ್ನು ಗೋಡೆಗೆ ತಾಗದಂತೆ ನಡುವೆ ತೇಲಿಸುತ್ತಾರೆ. ಉಂಗುರವನ್ನು ಒಂದೇ ತುಂಡಾಗಿ ಮಾಡಲಾಗುವುದಿಲ್ಲ. ಕಿತ್ತಳೆ ಹಣ್ಣಿನ ತೊಳೆಗಳ ಹಾಗೆ ಬೇರೆ ಬೇರೆಯಾಗಿ ತಂದು, ಹಾಲ್‌ನ ನಡುವಿನ ಹೊಂಡದೊಳಗೆ ಕ್ರೇನಿನಿಂದ ಇಳಿಸಿ, ಒಂದರ ಪಕ್ಕ ಒಂದು ಕೂರಿಸಬೇಕು. ಒಂದೊಂದು ತೊಳೆಯೂ ನಾಲ್ಕಂತಸ್ತಿನ ಮನೆಯಷ್ಟು ಎತ್ತರ. ತಪ್ಪುವುದಕ್ಕೆ ನಮಗಿರುವ ಜಾಗ ಮಾತ್ರ ಉಗುರಿನ ದಪ್ಪಕ್ಕಿಂತ ಕಡಿಮೆ. ಒಂದು ತೊಳೆ ವಾರೆಯಾದರೆ ಅಯಸ್ಕಾಂತ ವಾರೆ, ಅಯಸ್ಕಾಂತ ವಾರೆಯಾದರೆ ಉರಿ ಗೋಡೆಗೆ ಒರಗುತ್ತದೆ. ಆಮೇಲೆ ಅಷ್ಟೂ ಜನರ ಅಷ್ಟೂ ವರ್ಷ ಹೊಗೆ.

ನಮ್ಮದು ಅಳತೆಯ ತಂಡ. ಮುಕ್ಕಾಲಿಯ ಮೇಲೆ ಕೂತ ಲೇಸರ್ ಟ್ರ್ಯಾಕರ್ ಎಂಬ ಉಪಕರಣ; ಎಲ್ಲಿ ಹೋದರೂ ಅದರ ಕಣ್ಣು ಹಿಂಬಾಲಿಸುವ, ನಿಂಬೆಹಣ್ಣಿನ ಗಾತ್ರದ ಒಂದು ಉಕ್ಕಿನ ಗುಂಡು. ಗುಂಡಿನೊಳಗೆ ಕನ್ನಡಿ. ತೊಳೆಯ ಮೈಮೇಲೆ ಅಲ್ಲಲ್ಲಿ ಅಂಟಿಸಿದ ಪುಟ್ಟ ಬಟ್ಟಲುಗಳಲ್ಲಿ ಗುಂಡನ್ನು ಇಡುತ್ತ ಹೋದರೆ, ಲೇಸರ್ ಹೋಗಿ ಕನ್ನಡಿಗೆ ಬಡಿದು ಬಂದು, ಆ ಜಾಗ ಎಲ್ಲಿದೆ ಎಂದು ಕೂದಲೆಳೆಯ ಲೆಕ್ಕದಲ್ಲಿ ಹೇಳುತ್ತದೆ. ಗುಂಡು ಬಲು ನಾಜೂಕು. ಬರಿಗೈಯಲ್ಲಿ ಹಿಡಿದರೆ ಮೈಬಿಸಿಗೆ ಉಬ್ಬುತ್ತದೆ, ಉಬ್ಬಿದ ಗುಂಡು ಸುಳ್ಳು ಹೇಳುತ್ತದೆ. ಗಾಳಿ ಬಿಸಿಯಾದರೆ ಲೇಸರ್ ಕೂಡ ಬಾಗುತ್ತದೆ. ಹಾಗಾಗಿ ಅಳತೆಯ ಹೊತ್ತಿಗೆ ಬಾಗಿಲು ಮುಚ್ಚಿ, ಫ್ಯಾನು ನಿಲ್ಲಿಸಿ, ಜನರನ್ನು ದೂರ ಸರಿಸಿ, ನಮ್ಮ ಮುಖ್ಯಸ್ಥರು ಮೈಕಿನಲ್ಲಿ ಒಂದು ಅಪ್ಪಣೆ ಹೊರಡಿಸುತ್ತಿದ್ದರು: "ಯಾರೂ ಉಸಿರಾಡಬೇಡಿ!"

ಅದು ತಮಾಷೆಗೆ ಹುಟ್ಟಿದ ಮಾತು. ಆದರೆ ಆ ದನಿ ಎಂಥದೆಂದರೆ, ಕೇಳಿದವರು ನಿಜಕ್ಕೂ ಉಸಿರು ಬಿಗಿಹಿಡಿಯುತ್ತಿದ್ದರು. ಬೆಸುಗೆಯವರು, ಬಣ್ಣದವರು, ಹೊಂಡದ ಅಂಚಿನಲ್ಲಿ ನಿಂತ ನಮ್ಮ ಸೂಪರ್‌ವೈಸರ್, ಎಲ್ಲರೂ. ಸೂಪರ್‌ವೈಸರ್ ಎರಡು ಮಾತಿಗೊಮ್ಮೆ ಗಡುವು, ಗಡುವು ಎನ್ನುತ್ತಿದ್ದುದರಿಂದ ನಾನು ಅವರಿಗೆ ಗಡುವಪ್ಪ ಎಂದು ನಾಮಕರಣ ಮಾಡಿದ್ದೆ. ಬೆನ್ನ ಹಿಂದೆ ಕೆಲವರು ಅದನ್ನು ಗಡವ ಎಂದು ಮೊಟಕು ಮಾಡಿಕೊಂಡರು. ಅದರಲ್ಲಿ ನನ್ನ ಕೈವಾಡವಿಲ್ಲ, ಬಾಯಿವಾಡ ಇರಬಹುದು. ಒಮ್ಮೆ ಗಡುವಪ್ಪನವರು ಸ್ಯಾಂಡ್‌ವಿಚ್ ಕಚ್ಚಿದ್ದ ಹೊತ್ತಿಗೇ ನಾನು ಮುಖ್ಯಸ್ಥರ ದನಿಯಲ್ಲಿ "ಯಾರೂ ಉಸಿರಾಡಬೇಡಿ" ಎಂದೆ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಅಸಲಿ ಮುಖ್ಯಸ್ಥರು ಶೌಚಾಲಯದಿಂದ ಕೈ ಒರೆಸಿಕೊಳ್ಳುತ್ತ ಬರುವವರೆಗೂ ಅವರು ಹಾಗೇ ನಿಂತಿದ್ದರು.

ಮುಖ್ಯಸ್ಥರನ್ನು ಎಲ್ಲರೂ ಕೂದಲಣ್ಣ ಎನ್ನುತ್ತಿದ್ದೆವು. ತಲೆಯ ಮೇಲೆ ಒಂದೂ ಇರಲಿಲ್ಲ, ಇದ್ದದ್ದೆಲ್ಲ ಬಾಯಲ್ಲಿ. ತೊಳೆ ಇಳಿಯುವಾಗ ಕೊನೆಯ ಗೇಣು ಬಂತೆಂದರೆ ಅವರ ಬಾಯಿಂದ ಬರುತ್ತಿದ್ದುದು ಒಂದೇ: "ಇಳಿಸು, ಇನ್ನೊಂದು ಕೂ...ದಲು." ಆ 'ಕೂ' ಎಷ್ಟು ಹೊತ್ತು ಎಳೆಯುತ್ತಾರೋ ಅಷ್ಟು ಹೊತ್ತು ಮೇಲೆ ಕ್ರೇನಿನವರು ಲಿವರ್ ಒತ್ತಿ ಹಿಡಿಯಬೇಕು, 'ದಲು' ಬಿದ್ದ ಕೂಡಲೇ ಬಿಡಬೇಕು. ಇದು ಯಾವ ಪುಸ್ತಕದಲ್ಲೂ ಇಲ್ಲ. ಇಳಿಸುವವರಿಗೆ ಒಂದೇ ಬಾಯಿ ಎಂಬ ನಿಯಮ ಮಾತ್ರ ಪುಸ್ತಕದ್ದು: ತೊಳೆ ತೂಗಾಡುವಷ್ಟು ಹೊತ್ತು, ಕೆಳಗಿನ ಮೈಕಿನಿಂದ ಕ್ರೇನಿನವರ ಮತ್ತು ನಮ್ಮೆಲ್ಲರ ಕಿವಿಗೆ ಹೋಗುವ ಲೈನಿನಲ್ಲಿ ಒಬ್ಬರೇ ಮಾತಾಡಬೇಕು, ಕೆಲಸದ ಮಾತನ್ನೇ ಆಡಬೇಕು.

ಇಳಿಸುತ್ತಿದ್ದವರು ಕೂದಲಣ್ಣನ ಒಡಹುಟ್ಟಿದ ತಂಗಿ. ನಾವು ಕ್ರೇನಕ್ಕ ಎನ್ನುತ್ತಿದ್ದೆವು. ಚಾವಣಿಯ ಕೆಳಗಿನ ಗಾಜಿನ ಗೂಡಿನಲ್ಲಿ ಕೂತು, ಅಣ್ಣನ 'ಕೂ'ಗೆ ಕೈಯಾಡಿಸುತ್ತ, ಆ ತೊಳೆಗಳನ್ನೆಲ್ಲ ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದವರು. ನೋಡಿದವರು ಎಂಥ ಹೊಂದಾಣಿಕೆ ಎನ್ನಬೇಕು. ಆದರೆ ಅಣ್ಣ ತಂಗಿ ಆ ಲೈನಿನ ಹೊರಗೆ ಒಂದಕ್ಷರ ಆಡಿ ವರ್ಷಗಳಾಗಿದ್ದವು.

ಅದಕ್ಕೆ ಕಾರಣ ಒಂದು ಮಧ್ಯಾಹ್ನ. ಮುಂಚಿನ ಒಂದು ತೊಳೆ ಅರ್ಧ ಇಳಿದಿತ್ತು. ಆಫೀಸಿನವರು ಬಂದು ಕೂದಲಣ್ಣನ ಕಿವಿಯಲ್ಲಿ ಅವರ ತಾಯಿ ತೀರಿಕೊಂಡ ಸುದ್ದಿ ಹೇಳಿದರು. ಕೂದಲಣ್ಣ ತಲೆಯಾಡಿಸಿದರು. ಆಮೇಲೆ ಅದೇ ದನಿಯಲ್ಲಿ, ಒಂದಿಷ್ಟೂ ಏರಿಳಿತವಿಲ್ಲದೆ, "ಇಳಿಸು, ಇನ್ನೊಂದು ಕೂದಲು" ಎಂದರು. ತೊಳೆ ಕೂರುವ ತನಕ ಹಾಗೇ ಹೇಳುತ್ತ ಹೋದರು. ತಂಗಿ ಕೆಳಗಿಳಿದು ಬಂದ ಮೇಲೆ ಹೇಳಿದರು. ಅಕ್ಕ ಅಳಲಿಲ್ಲವಂತೆ. "ನಿನಗೆ ಯಾವಾಗ ಗೊತ್ತಾಯ್ತು?" ಎಂದಷ್ಟೇ ಕೇಳಿ, ಉತ್ತರ ಕೇಳಿಸಿಕೊಂಡು, ಚೀಲ ಎತ್ತಿಕೊಂಡು ನಡೆದರಂತೆ.

ಇದನ್ನು ಕೂದಲಣ್ಣನೇ ನನಗೆ ಹೇಳಿದ್ದು. ಅಷ್ಟರಲ್ಲಿ ಅವರ ದನಿ ಒಡೆದಿತ್ತು. ಶೀತ ಶೀತ ಎನ್ನುತ್ತಿದ್ದವರು ಕೊನೆಗೆ ತೋರಿಸಿಕೊಂಡು ಬಂದರು. ಗಂಟಲಲ್ಲಿ ಗಡ್ಡೆ. ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಕತ್ತಿನಲ್ಲಿ ಒಂದು ತೂತು, ಉಸಿರೆಲ್ಲ ಅದರಲ್ಲೇ, ಮಾತು ಇರುವುದಿಲ್ಲ.

"ಅಕ್ಕನಿಗೆ ಹೇಳಿದ್ರಾ?" ಎಂದೆ.

"ಊರಿಗೆಲ್ಲ ಗೊತ್ತಾಗಿದೆ, ಅವಳಿಗೆ ಗೊತ್ತಾಗಿರಲ್ವಾ."

"ಅದಲ್ಲ. ಅವತ್ತಿಂದು. ಹೇಳಿದ್ರೆ ಅವರ ಕೈ ನಡುಗೋದು, ಕೆಳಗೆ ಜನ ಇದ್ರು, ಅದಕ್ಕೆ ಹೇಳಲಿಲ್ಲ ಅಂತ."

"ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು ಕಣೋ ಗಿಳಿ. ಕ್ರೇನ್ ನಡೆಸೋಳು ಅವಳು. ಅವಳ ಸಿಟ್ಟು ಅದಲ್ಲ. ಅಮ್ಮ ಹೋದಳು ಅಂತ ತಿಳಿದ ಮೇಲೂ ನಿನ್ನ ದನಿ ಒಂದು ಕೂದಲೂ ಅಲ್ಲಾಡಲಿಲ್ಲವಲ್ಲ, ಅನ್ನೋದು."

"ಯಾಕೆ ಅಲ್ಲಾಡಲಿಲ್ಲ?"

ಅವರು ಗುಂಡಿನ ಡಬ್ಬಿಯ ಕಡೆ ಬೆರಳು ತೋರಿಸಿದರು. "ಅವತ್ತು ನನ್ನ ಕೈಲಿ ಗುಂಡಿತ್ತು. ಗ್ಲೌಸ್ ಬಿಚ್ಚಿ ಬರಿಗೈಲಿ ಹಿಡ್ಕೊಂಡುಬಿಟ್ಟಿದ್ದೆ. ಇಳಿಸಿ ಮುಗಿಯೋ ತನಕ ಮುಷ್ಟಿ ಬಿಚ್ಚಲಿಲ್ಲ. ಅದೇ ಗುಂಡಲ್ಲಿ ಅಳತೆ ತಗೊಂಡೆ. ಅಷ್ಟೂ ತಪ್ಪು. ಮಾರನೇ ದಿನ ಎಲ್ಲ ಎಸೆದು ಹೊಸದಾಗಿ ಮಾಡ್ದೆ. ನನ್ನ ಕೈಯಲ್ಲಿ ಅಳತೆ ಕೆಟ್ಟಿದ್ದು ಅದೊಂದೇ ಸಲ. ಅದನ್ನ ಅವಳಿಗೆ ಹೇಳಬೇಕು."

ಮನೆಗೆ ಹೋದರೆ ತಂಗಿ ಬಾಗಿಲು ತೆಗೆಯುತ್ತಿರಲಿಲ್ಲ, ಫೋನು ಎತ್ತುತ್ತಿರಲಿಲ್ಲ. ಉಳಿದದ್ದು ಆ ಲೈನು. ಕೊನೆಯ ತೊಳೆ ಬಾಕಿಯಿತ್ತು. ಅದು ಕೂತು ಉಂಗುರ ಮುಚ್ಚಿತೆಂದರೆ ಭಾರ ಇಲ್ಲ, ನಿಯಮ ಇಲ್ಲ. ಅವಳು ಕಿವಿಯಿಂದ ಇಯರ್‌ಫೋನು ತೆಗೆಯುವುದಕ್ಕೆ ಮೊದಲು ಹೇಳಿಬಿಡುತ್ತೇನೆ ಎಂದರು. ಆಪರೇಷನ್ನಿಗೆ ಡಾಕ್ಟರು ಕೊಟ್ಟ ದಿನಕ್ಕಿಂತ ತೊಳೆ ಇಳಿಸುವ ದಿನ ಸ್ವಲ್ಪ ಮುಂಚೆ ಇತ್ತು. ಗಡುವಪ್ಪನ ಗಡುವನ್ನು ಮೊದಲ ಸಲ ಯಾರೋ ಹರಸಿದ್ದರು.

"ರೆಕಾರ್ಡ್ ಮಾಡಿ ಇಟ್ಟುಬಿಡಿ ಅಣ್ಣ, ಯಾವುದಕ್ಕೂ," ಎಂದೆ.

"ಅವಳು ವಾಪಸ್ ಬೈಯೋಕಾಗದ ಮಾತು ಯಾತರ ಮಾತೋ?"

ಕೊನೆಯ ತೊಳೆ ಕೂರಬೇಕಾದ ಜಾಗವನ್ನು ಅಳೆದವರು ಅವರೇ. ಗುಂಡನ್ನು ಬಟ್ಟಲಿನಿಂದ ಬಟ್ಟಲಿಗೆ ನಾನು ಸಾಗಿಸಿದೆ, ಅವರು ಪರದೆ ನೋಡಿದರು. ಒಂದು ಸುತ್ತು ಮುಗಿಯಿತು. "ಇನ್ನೊಂದ್ಸಲ," ಎಂದರು. ಅದೂ ಮುಗಿಯಿತು. ಅವರು ಟ್ರ್ಯಾಕರನ್ನೇ ಬೇರೆ ಕಡೆಗೆ ಎತ್ತಿಸಿ ನಿಲ್ಲಿಸಿ, ಹೊಸದಾಗಿ ಅಳೆಸಿದರು. ಉತ್ತರ ಬದಲಾಗಲಿಲ್ಲ. ಅಕ್ಕಪಕ್ಕ ಈಗಾಗಲೇ ಕೂತ ತೊಳೆಗಳ ಭಾರಕ್ಕೆ ಒಂದು ಪೀಠ ಕುಸಿದಿತ್ತು. ಕುಸಿದದ್ದು ಎರಡು ಮೂರು ಕಾಗದದ ದಪ್ಪ.

ಗಡುವಪ್ಪನವರು ಓಡಿ ಬಂದರು. "ಕಾಗದದ ದಪ್ಪಕ್ಕೆಲ್ಲ ಕೆಲಸ ನಿಲ್ಲಿಸ್ತಾರೇನ್ರೀ? ನೀವು ಹೂಂ ಅಂದ್ರೆ ಇಳಿಸಿಬಿಡೋಣ. ಆಮೇಲೆ ನೋಡ್ಕೊಳ್ಳೋಣ."

ನನಗೆ ಒಳಗೊಳಗೆ ಅದೇ ಬೇಕಿತ್ತು. ಹೂಂ ಅನ್ನಿ ಅಣ್ಣ, ಒಂದೇ ಒಂದು ಸಲ ಹೂಂ ಅನ್ನಿ, ಎಂದು ಅವರ ಮುಖ ನೋಡಿದೆ. ಪೀಠ ಸರಿಮಾಡುವುದೆಂದರೆ ಅದರ ಕೆಳಗೆ ಇಡುವ ಉಕ್ಕಿನ ತಗಡುಗಳನ್ನು ಮತ್ತೆ ಕಾರ್ಖಾನೆಗೆ ಕಳಿಸಿ ಹೊಸ ದಪ್ಪಕ್ಕೆ ಕಡೆಸಬೇಕು. ವಾರಗಳ ಕೆಲಸ. ಗಂಟಲು ಅಷ್ಟು ಕಾಯುವುದಿಲ್ಲ.

ಕೂದಲಣ್ಣ ಕನ್ನಡಕ ತೆಗೆದು ಒರೆಸಿದರು. "ಕೂರಲ್ಲ," ಎಂದರು. ಒಡೆದ ದನಿ, ಆದರೂ ನೆಟ್ಟಗಿತ್ತು. "ತಗಡು ಕಡೆಸಿ."

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿಕ್ಕರು. ಏನು ಹೇಳಬೇಕೋ ತೋಚದೆ, ನನಗೆ ಬರುವ ಒಂದೇ ಕೆಲಸ ಮಾಡಿದೆ. ಅವರ ದನಿಯಲ್ಲೇ, "ಹೋಗಿ ಬಾರೋ ಕೂದಲಣ್ಣ, ತಲೆ ಬೋಳಿಸೋ ಖರ್ಚಂತೂ ಆಸ್ಪತ್ರೆಯವರಿಗಿಲ್ಲ," ಎಂದೆ.

ನಕ್ಕರು. ನಗು ಕೆಮ್ಮಾಯಿತು. "ನಿಂದು ಅರ್ಧಕ್ಕರ್ಧ ಬರುತ್ತೆ ಕಣೋ. ನನ್ನ ದನಿ ಮಾಡೋದು ಅಂದ್ರೆ ಅವಳು. ಚಿಕ್ಕೋಳಿದ್ದಾಗ ಬಾಗಿಲ ಹಿಂದೆ ನಿಂತು ನನ್ನ ದನಿಯಲ್ಲಿ ಏನೇನೋ ಕೂಗೋಳು. ಅಮ್ಮ ಬಂದು ನನಗೆ ಬೈಯೋಳು." ಅವರ ಗಂಟಲಿನಿಂದ ನಾನು ಕೇಳಿದ ಕೊನೆಯ ಮಾತು ಅದು.

ತಗಡುಗಳು ಬರುವ ಹೊತ್ತಿಗೆ ಕರೆ ಕೊಡುವ ಬಾಯಿ ನಾನು ಎಂದು ನಿರ್ಧಾರವಾಗಿತ್ತು. ಮೊದಲು ಕಾಂಕ್ರೀಟಿನ ಡಮ್ಮಿ ಭಾರ ಕಟ್ಟಿ ಅಭ್ಯಾಸ. ನನ್ನದೇ ದನಿಯಲ್ಲಿ, ನನ್ನದೇ ಅಳತೆಯಲ್ಲಿ "ಇಳಿಸು, ಇನ್ನೊಂದು ಕೂದಲು" ಎಂದೆ. ಭಾರ ದಡಕ್ಕನೆ ಇಳಿಯಿತು. ಮತ್ತೆ ಹೇಳಿದೆ. ಅಲ್ಲಾಡಲೇ ಇಲ್ಲ. ಮತ್ತೆ ಹೇಳಿದೆ, ಉಯ್ಯಾಲೆಯಾಡಿತು.

"ಏನಪ್ಪಾ ಇದು," ಎಂದಿತು ಕಿವಿಯಲ್ಲಿ ಕ್ರೇನಕ್ಕನ ದನಿ. "ನಿನ್ನ ಕೂದಲು ಒಂದ್ಸಲ ಜಡೆ, ಒಂದ್ಸಲ ಹುಬ್ಬು. ಇದರಲ್ಲಿ ಏನಂತ ಕೈಯಾಡಿಸಲಿ?"

ಕ್ಯಾಂಟೀನಿನಲ್ಲಿ ಅವರ ಎದುರು ಹೋಗಿ ಕೂತೆ. ತಟ್ಟೆಯಲ್ಲಿದ್ದುದನ್ನು ಚಮಚದಿಂದ ಅತ್ತಿತ್ತ ದೂಡುತ್ತಿದ್ದರು.

"ಅಕ್ಕ, ಅಣ್ಣನ ದನಿಯಲ್ಲಿ ಹೇಳಿದ್ರೆ ಅಳತೆ ಸರಿ ಬರುತ್ತೆ. ನನಗೆ ಆ 'ಕೂ' ಗೊತ್ತು."

"ಆ ದನಿ ನನಗೆ ಬೇಡ."

"ಅಣ್ಣ ಈ ತೊಳೆ ಕೂತ ಮೇಲೆ ನಿಮಗೆ ಏನೋ ಹೇಳಬೇಕು ಅಂತಿದ್ರು. ಆಪರೇಷನ್ನಿಗೆ ಮುಂಚೆ. ತಾವೇ ಅಳೆದು, ತಾವೇ ನಿಲ್ಲಿಸಿಬಿಟ್ರು."

"ಹೂಂ. ನಿಲ್ಲಿಸ್ತಾನೆ. ಅಳತೆ ಅಂದ್ರೆ ಅವನಿಗೆ ತಂಗಿಯೂ ಇಲ್ಲ, ತಾಯಿಯೂ ಇಲ್ಲ." ಚಮಚ ಕೆಳಗಿಟ್ಟರು. ಆಮೇಲೆ, "ನೋವಿದೆಯಂತಾ ಅವನಿಗೆ?" ಎಂದು ಕೇಳಿದರು.

"ಗೊತ್ತಿಲ್ಲ ಅಕ್ಕ. ಕೇಳಿದ್ರೆ ಹೆಬ್ಬೆರಳು ತೋರಿಸ್ತಾರೆ."

ಅವರು ತಟ್ಟೆ ಎತ್ತಿಕೊಂಡು ಎದ್ದರು. ಹೋಗುವವರು ತಿರುಗಿ, "ಸರಿ. ಅವನ ಗಂಟಲಲ್ಲೇ ಹೇಳು," ಎಂದರು. "ಆದ್ರೆ ತೊಳೆ ಕೂತ ಮೇಲೆ ಆ ದನಿಯಲ್ಲಿ ಒಂದಕ್ಷರ ಆಡಿದೆಯೋ, ಕೊಕ್ಕೆಗೆ ನಿನ್ನನ್ನೇ ನೇತುಹಾಕ್ತೀನಿ."

ಕೊನೆಯ ತೊಳೆ ಇಳಿಯುವ ಬೆಳಗ್ಗೆ ಕೂದಲಣ್ಣ ಬಂದರು. ಮೈ ಅರ್ಧಕ್ಕರ್ಧ ಸೊರಗಿತ್ತು. ಕತ್ತಿನ ತೂತಿನ ಮೇಲೆ ತೆಳು ಬಿಳಿ ಬಟ್ಟೆಯೊಂದು ಕಟ್ಟಿತ್ತು, ಉಸಿರಿಗೆ ತಕ್ಕ ಹಾಗೆ ಒಳಗೆ ಹೊರಗೆ ಆಡುತ್ತಿತ್ತು. ಅಭ್ಯಾಸಬಲದಿಂದ ಕಾಲರಿಗೆ ಮೈಕು ಸಿಕ್ಕಿಸಿಕೊಂಡರು. ಸ್ವಿಚ್ ಹಾಕಿದ ಕೂಡಲೇ ನಮ್ಮೆಲ್ಲರ ಕಿವಿಯಲ್ಲೂ ಬಿರುಗಾಳಿ ಎದ್ದಿತು. ಮೈಕು ಸರಿಯಾಗಿ ಆ ಬಟ್ಟೆಯ ಪಕ್ಕದಲ್ಲೇ ಇತ್ತು. ಗಡುವಪ್ಪನವರು ಹೆಲ್ಮೆಟ್ ಹಿಡಿದುಕೊಂಡು ಚಾವಣಿ ನೋಡಿದರು. ಕೂದಲಣ್ಣ ನಾಚಿಕೊಂಡವರ ಹಾಗೆ ಸ್ವಿಚ್ ಆರಿಸಿದರು.

ಆಮೇಲೆ ಕೆಲಸ. ಪರದೆ ನೋಡುವವರು ಅವರು, ಬೆರಳಿನಲ್ಲಿ ತೋರಿಸುವವರು ಅವರು, ಬಾಯಿ ಮಾತ್ರ ನನ್ನದು, ದನಿ ಮತ್ತೆ ಅವರದು. ತೊಳೆ ಹೊಂಡದ ಬಾಯಿಗೆ ಬಂತು. ಎರಡೂ ಕಡೆ ಕೈ ತೂರದಷ್ಟು ಸಂದು. ಕೂದಲಣ್ಣನ ಬೆರಳು ಎಷ್ಟು ಹೊತ್ತು ನೆಟ್ಟಗಿರುತ್ತದೋ ಅಷ್ಟು ಹೊತ್ತು ನಾನು 'ಕೂ' ಎಳೆದೆ. ಬೆರಳು ಮಡಿಸಿದರೆ 'ದಲು'. ಮೇಲೆ ಲಿವರ್ ಅದಕ್ಕೆ ತಕ್ಕ ಹಾಗೆ ಒತ್ತಿತು, ಬಿಟ್ಟಿತು. ಬೆಳಗ್ಗೆ ಮಧ್ಯಾಹ್ನವಾಯಿತು. ನನ್ನ ಗಂಟಲು ಒಣಗಿತು. ನೀರು ಕುಡಿಯಲು ಬಾಟಲಿ ಎತ್ತಿದಾಗ, ಪಕ್ಕದಲ್ಲಿ ನಿಂತವರ ತುಟಿಗಳು ನನ್ನ ಮಾತಿನ ಜೊತೆಜೊತೆಗೇ ಆಡುತ್ತಿದ್ದುದನ್ನು ನೋಡಿದೆ. ಮಿಮಿಕ್ರಿಗೆ ಜನ ನಗುವುದನ್ನು ನೋಡಿದ್ದೆ, ಬೈಯುವುದನ್ನು ನೋಡಿದ್ದೆ. ನಾನು ಯಾರ ದನಿ ಮಾಡುತ್ತಿದ್ದೇನೋ ಅವರು ಪಕ್ಕದಲ್ಲೇ ನಿಂತು ತಮ್ಮ ದನಿಯನ್ನು ದೂರದ ನೆಂಟನನ್ನು ನೋಡುವ ಹಾಗೆ ನೋಡುವುದನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇಳಿಸು, ಇನ್ನೊಂದು ಕೂದಲು."

ತೊಳೆ ಕೂತಿತು. ಸದ್ದೇ ಆಗಲಿಲ್ಲ. ಬಾಗಿಲು ಮುಚ್ಚಿಸಿ, ಫ್ಯಾನು ನಿಲ್ಲಿಸಿ, ಗುಂಡನ್ನು ಒಂದೊಂದೇ ಬಟ್ಟಲಿಗೆ ಕೊಂಡೊಯ್ದೆ. ಪರದೆಯ ಮೇಲೆ ಅಂಕಿಗಳೆಲ್ಲ ಹಸಿರಾದವು. ಕ್ರೇನಿನ ಕೊಕ್ಕೆ ಬಿಚ್ಚಿದರು. ಗಡುವಪ್ಪನವರು ಚಪ್ಪಾಳೆ ತಟ್ಟಿದರು, ಹೊಂಡದ ಸುತ್ತ ನಿಂತವರೂ ತಟ್ಟಿದರು.

ಚಪ್ಪಾಳೆ ನಿಂತ ಮೇಲೆ ಕೂದಲಣ್ಣ ಕತ್ತೆತ್ತಿ ಚಾವಣಿಯ ಗಾಜಿನ ಗೂಡನ್ನು ನೋಡಿದರು. ಕಾಲರಿನ ಸ್ವಿಚ್ ಹಾಕಿದರು. ತುಟಿ ಆಡಿತು. ಕಿವಿಗಳಲ್ಲಿ ಬರೀ ಗಾಳಿ. ಮತ್ತೆ ತುಟಿ ಆಡಿತು, ಮತ್ತೆ ಗಾಳಿ. ಅವರು ನನ್ನ ಕಡೆ ತಿರುಗಿದರು. ಹೇಳು, ಎಂಬಂತೆ ಗಲ್ಲ ಆಡಿಸಿದರು.

ಹೇಳಬಹುದಿತ್ತು. ಆ ದನಿಯಲ್ಲಿ, ಆ ಏರಿಳಿತದಲ್ಲಿ, ಬೇಕಿದ್ದರೆ ಅವತ್ತು ಬಾರದ ನಡುಕವನ್ನೂ ಸೇರಿಸಿ. ಬಾಯಿ ತೆರೆದೆ. ಆಗಲಿಲ್ಲ.

ಕೂದಲಣ್ಣ ಗ್ಲೌಸ್ ಬಿಚ್ಚಿದರು. ಡಬ್ಬಿಯಿಂದ ಗುಂಡು ತೆಗೆದು ಬರಿಗೈಯಲ್ಲಿ ಹಿಡಿದರು. ಹೊಸಬರು ಬೆರಳು ತಾಗಿಸಿದರೂ ಕೈಮೇಲೆ ಹೊಡೆಯುತ್ತಿದ್ದ ಮನುಷ್ಯ, ಮುಷ್ಟಿ ಬಿಗಿದು ಗೂಡಿನ ಕಡೆಗೆ ಎತ್ತಿ ಹಿಡಿದರು.

ನನ್ನ ಸ್ವಂತ ದನಿಯಲ್ಲಿ, ಅದು ಹೇಗಿರುತ್ತದೆಂದು ನನಗೇ ಮರೆತಂತಿತ್ತು, ಹೇಳಿದೆ: "ಅಕ್ಕ. ಅವತ್ತು ಅಮ್ಮನ ಸುದ್ದಿ ಬಂದಾಗ ಅಣ್ಣ ಗುಂಡನ್ನ ಹೀಗೆ ಹಿಡ್ಕೊಂಡಿದ್ರಂತೆ. ಕೊನೆ ತನಕ. ಅವತ್ತಿನ ಅಳತೆ ಒಂದೂ ಉಳೀಲಿಲ್ಲವಂತೆ."

ಬಿಸಿ ಗುಂಡು ಎಂದರೇನು ಎಂಬುದನ್ನು ಆ ಹಾಲ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಗಾಜಿನ ಹಿಂದೆ ಕ್ರೇನಕ್ಕ ಎದ್ದು ನಿಂತಿದ್ದರು. ಎರಡೂ ಅಂಗೈ ಗಾಜಿಗೆ ಒತ್ತಿದ್ದರು. ಕಿವಿಯಲ್ಲಿ ಅಣ್ಣನ ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಬೇರೇನೂ ಇಲ್ಲ. ಇಷ್ಟೇ, ಮುಗಿಯಿತು, ಎಂದುಕೊಂಡೆ. ಗುಂಡಿನ ಡಬ್ಬಿ ಮುಚ್ಚಲು ಬಗ್ಗಿದೆ.

"ಯಾರೂ ಉಸಿರಾಡಬೇಡಿ!"

ಕೂದಲಣ್ಣನ ದನಿ. ಒಡೆಯುವುದಕ್ಕೆ ಮೊದಲಿನ, ನೆಟ್ಟಗಿನ, ಹಾಲ್ ಕಟ್ಟಿಹಾಕುವ ದನಿ. ನಾನಲ್ಲ, ಆಣೆಗೂ ನಾನಲ್ಲ. ಬೆಸುಗೆಯವರು ನಿಂತಲ್ಲೇ ನಿಂತರು. ಗಡುವಪ್ಪನವರ ಕೆನ್ನೆ ಉಬ್ಬಿತು. ಎಲ್ಲರಿಗಿಂತ ಮೊದಲು ಬೆಚ್ಚಿಬಿದ್ದವರು ಕೂದಲಣ್ಣ; ಖಾಲಿ ಇದ್ದ ಕೈಯಿಂದ ಬಾಯಿ ಮುಚ್ಚಿಕೊಂಡು, ಕೆನ್ನೆ ಉಬ್ಬಿಸಿ, ಕಣ್ಣು ಅರಳಿಸಿ, ಉಸಿರು ಬಿಗಿಹಿಡಿದೇಬಿಟ್ಟರು. ಬಾಯಿ ಭದ್ರವಾಗಿ ಮುಚ್ಚಿತ್ತು. ಕತ್ತಿನ ಬಟ್ಟೆ ಮಾತ್ರ ತನ್ನ ಪಾಡಿಗೆ ತಾನು ಒಳಗೆ ಹೊರಗೆ ಆಡುತ್ತಲೇ ಇತ್ತು.

ಅದನ್ನು ಮೊದಲು ನೋಡಿದವನು ನಾನು. ಆಮೇಲೆ ಅವರೇ ತಲೆ ಬಗ್ಗಿಸಿ ನೋಡಿಕೊಂಡರು.

"ನೋಡು," ಎಂದಿತು ಲೈನಿನಲ್ಲಿ ಈಗ ತಂಗಿಯ ದನಿ, ಮೂಗು ಕಟ್ಟಿದ ದನಿ. "ಅಮ್ಮ ಇದ್ದಿದ್ರೆ, ಈಗ್ಲೂ ನಿನಗೇ ಬೈಯೋಳು."

ಗಡುವಪ್ಪನವರು ಉಸಿರು ಬಿಟ್ಟು ನಕ್ಕರು, ಬೆಸುಗೆಯವರು ನಕ್ಕರು, ನಾನೂ ನಕ್ಕೆ, ಅದಕ್ಕೆ ನಗು ಎನ್ನಬಹುದಾದರೆ. ಆದರೆ ಆ ಸದ್ದೆಲ್ಲ ಎಲ್ಲಿಗೆ ಸಾಲಬೇಕು? ಕೂದಲಣ್ಣ ಮೊಣಕಾಲು ಹಿಡಿದುಕೊಂಡು ಬಗ್ಗಿದ್ದರು. ಭುಜ ಕುಲುಕುತ್ತಿತ್ತು, ಕಣ್ಣೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಗುಂಡು ಇನ್ನೂ ಮುಷ್ಟಿಯಲ್ಲಿತ್ತು. ಕತ್ತಿನ ಬಟ್ಟೆ ಪಟಪಟ ಹಾರುತ್ತಿತ್ತು. ಕಾಲರಿನ ಮೈಕು ಆ ಗಾಳಿಯನ್ನೆಲ್ಲ ಹಿಡಿದು, ಲೈನಿನಲ್ಲಿದ್ದ ಪ್ರತಿಯೊಂದು ಕಿವಿಗೂ, ಚಾವಣಿಯ ಏಣಿಯನ್ನು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ ಒಬ್ಬರ ಕಿವಿಗೂ, ಹಾಲ್‌ನಲ್ಲಿ ಬೇರೆ ಯಾರ ನಗುವೂ ಕೇಳಿಸದ ಹಾಗೆ ತುಂಬುತ್ತಿತ್ತು.